ಟ್ರೌಟ್ ಇದ್ದರೆ ತೀರ್ಥನ್

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಲಾರ್ಜಿಯಲ್ಲಿ ಮೂರು ಹೊಳೆಗಳು ಕೂಡುತ್ತವೆ: ಬಿಯಾಸ್, ಸೈಂಜ್, ತೀರ್ಥನ್. ಬಿಯಾಸ್‌ಗೆ ಅಲ್ಲೇ 126 ಮೆಗಾವಾಟ್ ಯೋಜನೆಯ ಅಣೆಕಟ್ಟು ಅಡ್ಡ ನಿಂತಿದೆ. ಸೈಂಜ್ ಕಣಿವೆಯ ನೀರನ್ನು 520 ಮೆಗಾವಾಟ್‌ನ ಪಾರ್ಬತಿ ಮೂರನೇ ಹಂತ ಮತ್ತು 100 ಮೆಗಾವಾಟ್‌ನ ಸೈಂಜ್ ಯೋಜನೆಗಳು ಸುರಂಗದೊಳಕ್ಕೆ ತಿರುಗಿಸಿಕೊಂಡಿವೆ. ತೀರ್ಥನ್ ಮಾತ್ರ ಹಿಮದಡಿಯಲ್ಲಿ ಹುಟ್ಟಿದ್ದು ಲಾರ್ಜಿಯ ಹತ್ತಿರಕ್ಕೆ ಬರುವ ತನಕ ತನ್ನ ಪಾಡಿಗೆ ತಾನು ಹರಿಯುತ್ತದೆ.

ಅದು ಹಾಗೆ ಉಳಿದದ್ದು ಅದೃಷ್ಟದಿಂದಲ್ಲ, ಹೋರಾಟದಿಂದ. 1976ರಲ್ಲಿ ಸರ್ಕಾರ ತೀರ್ಥನ್ ಮತ್ತು ಅದರ ಉಪಹೊಳೆಗಳನ್ನು ಗಾಳದ ಮೀನುಗಾರಿಕೆಗೆಂದೇ ಮೀಸಲಿಟ್ಟಿತು. ಮುಂದೆ ಕಿರು ಜಲವಿದ್ಯುತ್ ಯೋಜನೆಗಳು ಸಾಲುಗಟ್ಟಿ ಬಂದಾಗ ಕಣಿವೆಯ ಮಾಜಿ ಶಾಸಕ ದಿಲೇ ರಾಮ್ ಶಬಾಬ್ ಹಳ್ಳಿಗರನ್ನು ಕಟ್ಟಿಕೊಂಡು ಎದ್ದು ನಿಂತರು. ಸರ್ಕಾರದ ಬಾಗಿಲಿಗೂ ಕೋರ್ಟಿಗೂ ಅಲೆದರು. ಇದು ಟ್ರೌಟ್‌ಗೆ ಮೀಸಲಾದ ಹೊಳೆ, ಇದರ ಮೇಲೆ ಊರಿನವರ ಹೊಟ್ಟೆಪಾಡು ನಿಂತಿದೆ, ಕಟ್ಟೆ ಕಟ್ಟಿದರೆ ಎರಡೂ ಹೋಗುತ್ತವೆ ಎಂಬುದು ಅವರ ವಾದದ ಗಟ್ಟಿ ನೆಲವಾಗಿತ್ತು. ಕೊನೆಗೆ ತೀರ್ಥನ್ ಮೇಲೆ ಯೋಜನೆ ಬೇಡವೆಂಬ ತೀರ್ಮಾನಕ್ಕೆ ಸರ್ಕಾರ ಬಂತು. ಹೊಳೆಯ ಪರವಾಗಿ ಸಾಕ್ಷಿ ಹೇಳಿ ಗೆದ್ದುಕೊಟ್ಟದ್ದು ಒಂದು ಮೀನು.

ಹಾಗಾಗಿ ತೀರ್ಥನ್‌ನ ಟ್ರೌಟ್ ಬಗ್ಗೆ ಕಾಳಜಿ ತೋರಿಸುವುದನ್ನು ಗಾಳ ಹಿಡಿಯುವ ಶೋಕಿಯವರ ಗೋಳು ಎಂದು ಯಾರೂ ತಳ್ಳಿಹಾಕಬಾರದು. ಮೀನು ವಿರಳವಾದ ದಿನ 'ಇಲ್ಲಿ ಕಾಪಾಡಲು ಉಳಿದಿರುವುದಾದರೂ ಏನು' ಎಂಬ ಪ್ರಶ್ನೆ ಏಳುತ್ತದೆ. ಮುಚ್ಚಿಟ್ಟ ಕಡತಗಳು ಮತ್ತೆ ಮೇಜಿನ ಮೇಲೆ ಬರಲು ಅಷ್ಟು ಸಾಕು. ಆ ದಿನ ಇನ್ನೂ ಬಂದಿಲ್ಲ. ಹೊಳೆಯಲ್ಲಿ ಮೀನಿದೆ, ನೀರು ತಿಳಿಯಾಗಿದೆ, ಕಾನೂನೂ ಇದೆ. ಎಚ್ಚರಿಕೆಯ ಮಾತು ಆಡಬೇಕಾದದ್ದು ಇಂಥ ಹೊತ್ತಿನಲ್ಲೇ.

ಕನ್ನಡದ ಓದುಗರಿಗೆ ಈ ಮಾತು ಏಕೆ ಎಂದು ಕೇಳಬಹುದು. ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ರಾತ್ರಿ ಹೊರಡುವ ಮನಾಲಿ ಬಸ್ಸು, ಬೆಳಗಾಗುವಾಗ ಔಟ್ ಸುರಂಗದ ಬಳಿ ಇಳಿದು ಬಂಜಾರ್ ಕಡೆಗೆ ಟ್ಯಾಕ್ಸಿ: ಈ ದಾರಿ ಈಗ ನಮ್ಮ ಹುಡುಗ ಹುಡುಗಿಯರಿಗೆ ಬಾಯಿಪಾಠ. ಲ್ಯಾಪ್‌ಟಾಪ್ ಹಿಡಿದು ಹೋಗಿ ಅಲ್ಲಿಂದಲೇ ತಿಂಗಳುಗಟ್ಟಲೆ ಕೆಲಸ ಮಾಡುವವರಿದ್ದಾರೆ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕ ಮೇಲೆ ಅದರ ಹೆಬ್ಬಾಗಿಲಿನಂತಿರುವ ತೀರ್ಥನ್ ಕಣಿವೆಯ ಚಹರೆ ಬದಲಾಗಿದೆ. ಸೇಬಿನ ತೋಟಗಳಿದ್ದ ದಂಡೆಯುದ್ದಕ್ಕೂ ಹೋಂಸ್ಟೇ, ರೆಸಾರ್ಟು, ಟೆಂಟುಗಳು ಎದ್ದಿವೆ. ಹೆಚ್ಚಿನ ಕಡೆ ಅತಿಥಿಗೆ ಒಡ್ಡುವ ಮೊದಲ ಆಮಿಷವೇ ಟ್ರೌಟ್: ಹೊಳೆಯಲ್ಲಿ ಗಾಳ ಹಾಕಿ, ಸಂಜೆಗೆ ತಟ್ಟೆಯಲ್ಲಿ ತಿನ್ನಿ.

ಇಲ್ಲಿ ಗಮನಿಸಬೇಕಾದದ್ದು ಎಷ್ಟು ಜನ ಬರುತ್ತಾರೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತಾರೆ, ಯಾವಾಗ ನಿಲ್ಲುತ್ತಾರೆ ಎಂಬುದು. ನಕಾಶೆಯಲ್ಲಿ ತೀರ್ಥನ್ ಉದ್ದನೆಯ ಹೊಳೆ. ಗಾಳ ಹಾಕುವವನ ಕಾಲಿಗೆ ಸಿಗುವ ಹೊಳೆ ಅದರಲ್ಲೊಂದು ತುಣುಕು. ಗುಶೈನಿಯಿಂದ ಮೇಲಕ್ಕೆ ಹೋದಂತೆ ರಸ್ತೆ ಮುಗಿದು ಕಾಲುದಾರಿ ಶುರುವಾಗುತ್ತದೆ, ಅದು ರೋಲ್ಲಾ ಕಡೆಗೆ ಉದ್ಯಾನದೊಳಕ್ಕೆ ಹೋಗುತ್ತದೆ. ಅಲ್ಲಿ ಗಾಳಕ್ಕೆ ಅವಕಾಶವಿಲ್ಲ. ಕೆಳಗೆ ಹಲವೆಡೆ ಹೊಳೆ ಕಡಿದಾದ ಕೊರಕಲಿನಲ್ಲಿ ಹರಿಯುತ್ತದೆ, ಇಳಿಯಲು ಆಗುವುದಿಲ್ಲ. ಉಳಿದದ್ದು ರಸ್ತೆಯಿಂದ ಕಣ್ಣಿಗೆ ಬೀಳುವ, ನಾಗಿನಿಯಿಂದ ಗುಶೈನಿಯ ತನಕ ಅಲ್ಲಲ್ಲಿ ಚದುರಿದ ಮಡುಗಳು. ಆ ಮಡುಗಳ ದಂಡೆಯಲ್ಲೂ ಕಟ್ಟಡ ಎದ್ದಲ್ಲೆಲ್ಲ ಸಾರ್ವಜನಿಕರು ಇಳಿಯುವ ಜಾಡು ಮುಚ್ಚುತ್ತದೆ. ನಿನ್ನೆ ಹತ್ತು ಕಡೆ ಹಂಚಿಹೋಗುತ್ತಿದ್ದ ಗಾಳಗಳು ಇಂದು ನಾಲ್ಕೇ ಕಡೆ ಬೀಳುತ್ತವೆ.

ಕಾಲದ ಲೆಕ್ಕವೂ ಹೀಗೆಯೇ. ನವೆಂಬರ್ ಒಂದರಿಂದ ಫೆಬ್ರವರಿ ಕೊನೆಯ ತನಕ ಟ್ರೌಟ್ ಹಿಡಿಯುವುದು ನಿಷಿದ್ಧ, ಅದು ಸಂತಾನದ ಕಾಲ. ಹಿಮ ಕರಗಿ ಹೊಳೆ ತುಂಬಿದಾಗ, ಮಳೆಗಾಲದಲ್ಲಿ ನೀರು ಕೆಂಪಾದಾಗ ಗಾಳ ನಡೆಯುವುದಿಲ್ಲ. ಹೀಗೆ ಕಳೆದು ಉಳಿದದ್ದು ವಸಂತದ ಕೆಲವು ವಾರ, ಮಳೆ ನಿಂತ ಮೇಲಿನ ಕೆಲವು ವಾರ. ಪ್ರವಾಸಿಗರ ಜಾತ್ರೆ ಸೇರುವುದೂ ಅದೇ ವಾರಗಳಲ್ಲಿ. ವರ್ಷಕ್ಕೆ ಇಷ್ಟು ಪರವಾನಗಿ ಕೊಟ್ಟೆವು, ಹೊಳೆ ಇಷ್ಟು ಉದ್ದ ಇದೆ, ತೊಂದರೆಯಿಲ್ಲ ಎಂದು ಭಾಗಾಕಾರ ಮಾಡುವ ಅಧಿಕಾರಿಗೆ ಈ ಒತ್ತಡ ಕಾಗದದ ಮೇಲೆ ಎಂದೂ ಕಾಣಿಸುವುದಿಲ್ಲ.

ಮೀನಿನ ಸ್ವಭಾವ ಈ ಒತ್ತಡವನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಬ್ರೌನ್ ಟ್ರೌಟ್ ತನ್ನ ಜಾಗ ಬಿಟ್ಟುಕೊಡದ ಮೀನು. ದೊಡ್ಡ ಬಂಡೆಯೊಂದರ ಹಿಂದೆ ನೀರಿನ ಸೆಳವು ಮುರಿಯುವ ತಾಣದಲ್ಲಿ ಮೂತಿಯನ್ನು ಪ್ರವಾಹಕ್ಕೆದುರಾಗಿ ಹಿಡಿದು, ಬಾಲವನ್ನಷ್ಟೇ ಅಲ್ಲಾಡಿಸುತ್ತಾ ನಿಂತಿರುತ್ತದೆ. ತೇಲಿಬರುವ ಹುಳ, ನೊಣ, ಮರಿಮೀನು ಬಾಯಿಗೇ ಬರುತ್ತವೆ, ಅಟ್ಟಿಸಿಕೊಂಡು ಹೋಗುವ ಶ್ರಮವಿಲ್ಲ. ಮಡುವಿನ ಅತ್ಯುತ್ತಮ ತಾಣ ಅತಿ ದೊಡ್ಡ ಮೀನಿನದು. ಅದನ್ನು ಎತ್ತಿದರೆ ಕೆಲವೇ ದಿನಗಳಲ್ಲಿ ಅದಕ್ಕಿಂತ ಚಿಕ್ಕದೊಂದು ಅಲ್ಲಿ ಬಂದು ನಿಲ್ಲುತ್ತದೆ. ನೋಡುವವನಿಗೆ ಮಡುವಿನಲ್ಲಿ ಮೀನು ಎಂದಿನಂತೆಯೇ ಇದೆ. ಗಾತ್ರ ಮಾತ್ರ ಒಂದೊಂದೇ ಮೆಟ್ಟಿಲು ಇಳಿಯುತ್ತಿರುತ್ತದೆ. ಹೆಣ್ಣು ಟ್ರೌಟ್ ಇಡುವ ಮೊಟ್ಟೆಗಳ ಸಂಖ್ಯೆ ಅದರ ತೂಕದ ಜೊತೆಗೇ ಏರುವುದರಿಂದ, ಹೊಳೆಯಿಂದ ಮೊದಲು ಹೊರಹೋಗುವುದು ಹೆಚ್ಚು ಮರಿ ಕೊಡುವ ತಾಯಂದಿರೇ.

ಆ ತಾಯಿ ಮಾಡುವ ಕೆಲಸ ಎಂಥದ್ದೆಂದು ತಿಳಿದರೆ ದಂಡೆಯಲ್ಲಿ ಕಾಲಿಡುವ ರೀತಿ ಬದಲಾಗುತ್ತದೆ. ಚಳಿ ಏರುತ್ತಿದ್ದಂತೆ ಅದು ತೆಳುವಾಗಿ, ಚುರುಕಾಗಿ ಹರಿಯುವ ಜಾಗ ಹುಡುಕುತ್ತದೆ. ಮಗ್ಗುಲಾಗಿ ಮಲಗಿ ಬಾಲದಿಂದ ಬಡಿದು ಬಡಿದು ನೊರಜುಗಲ್ಲಿನಲ್ಲಿ ತಗ್ಗು ತೋಡುತ್ತದೆ. ಮೊಟ್ಟೆ ಇಟ್ಟು, ಗಂಡು ಫಲ ಕೊಟ್ಟ ಮೇಲೆ, ಒಂದಿಷ್ಟು ಮುಂದೆ ಹೋಗಿ ಮತ್ತೆ ಬಾಲ ಬಡಿಯುತ್ತದೆ, ಎದ್ದ ಕಲ್ಲುಗಳು ಹೊಳೆಯ ಸೆಳವಿಗೆ ಹಿಂದಕ್ಕೆ ಬಂದು ಮೊಟ್ಟೆಗಳನ್ನು ಮುಚ್ಚುತ್ತವೆ. ಕಲ್ಲುಗಳ ಸಂದಿನಲ್ಲಿ ತಣ್ಣನೆಯ ನೀರು ಹರಿಯುತ್ತಿದ್ದರಷ್ಟೇ ಮೊಟ್ಟೆಗೆ ಉಸಿರು. ಚಳಿಗಾಲವಿಡೀ ಅವು ಅಲ್ಲೇ ಇರಬೇಕು. ರಸ್ತೆ ಅಗಲ ಮಾಡಿದ ಮಣ್ಣು, ಕಟ್ಟಡಕ್ಕೆ ಕಡಿದ ಗುಡ್ಡದ ಮಣ್ಣು ಹೊಳೆಗೆ ಜಾರಿ ಸಂದುಗಳು ಮುಚ್ಚಿದರೆ ಒಂದು ತಲೆಮಾರು ಕಲ್ಲಿನಡಿಯಲ್ಲೇ ಮುಗಿಯುತ್ತದೆ, ಯಾರ ಕಣ್ಣಿಗೂ ಬೀಳದೆ. ಮೇಲೆ ನಿಂತು ಹೊಳೆ ಎಷ್ಟು ಚೆಂದ ಎಂದು ಫೋಟೊ ತೆಗೆಯುವ ಕಾಲುಗಳೂ ಆ ಗೂಡನ್ನು ತುಳಿಯಬಲ್ಲವು. ಇದರ ಮೇಲೆ ಪ್ರವಾಹ ಬೇರೆ. 2023ರ ಜುಲೈನಲ್ಲಿ ಬಿಯಾಸ್ ಮಾಡಿದ ಹಾನಿ ಎಲ್ಲರಿಗೂ ನೆನಪಿದೆ. 2025ರ ಮಳೆಗಾಲವೂ ಕುಲ್ಲು ಜಿಲ್ಲೆಯನ್ನು ಬಿಡಲಿಲ್ಲ. ಅಂಥ ನೆರೆ ಮರಿಮೀನುಗಳನ್ನು ಕೊಚ್ಚಿಕೊಂಡು ಹೋದ ಮರುವರ್ಷ ಗಾಳದ ಮಿತಿ ತಾನಾಗಿಯೇ ಇಳಿಯಬೇಕು. ಪರವಾನಗಿ ಪುಸ್ತಕಕ್ಕೆ ನೆರೆಯೂ ಒಂದೇ ಬರವೂ ಒಂದೇ ಆಗಿರುವುದು ತಪ್ಪು.

'ನಾವು ಹಿಡಿದು ಬಿಟ್ಟುಬಿಡುತ್ತೇವೆ' ಎಂಬ ಉತ್ತರ ಗಾಳದವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಅದು ಒಳ್ಳೆಯ ಅಭ್ಯಾಸ, ನಾವೂ ಅದರ ಪರ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ. 1992ರಲ್ಲಿ ಕೆನಡಾದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ದಣಿಯುವಷ್ಟು ಓಡಿಸಿ, ಕೆಲವನ್ನು ನೀರಿನಲ್ಲೇ ಬಿಟ್ಟರು, ಕೆಲವನ್ನು 30 ಸೆಕೆಂಡು, ಕೆಲವನ್ನು 60 ಸೆಕೆಂಡು ಗಾಳಿಯಲ್ಲಿ ಹಿಡಿದು ಮತ್ತೆ ಬಿಟ್ಟರು. ಹನ್ನೆರಡು ಗಂಟೆಯ ನಂತರ ನೋಡಿದಾಗ ನೀರಿನಿಂದ ಎತ್ತದ ಮೀನುಗಳಲ್ಲಿ ಶೇ 12 ಸತ್ತಿದ್ದವು. 30 ಸೆಕೆಂಡು ಎತ್ತಿದವುಗಳಲ್ಲಿ ಶೇ 38, ಒಂದು ನಿಮಿಷ ಎತ್ತಿದವುಗಳಲ್ಲಿ ಶೇ 72. ಗಾಳಿಯಲ್ಲಿ ಕಿವಿರಿನ ತೆಳು ಎಳೆಗಳು ಒಂದಕ್ಕೊಂದು ಅಂಟಿ ಉಸಿರಾಟ ನಿಲ್ಲುತ್ತದೆ. ಓಡಿ ದಣಿದ ಮೀನಿಗೆ ಉಸಿರು ಅತಿ ಹೆಚ್ಚು ಬೇಕಾದ ಹೊತ್ತೇ ಅದು. ಒಂದು ನಿಮಿಷ ಎಂದರೆ ಮೀನನ್ನು ಎದೆಗೆ ಹಿಡಿದು, ಫೋನನ್ನು ಗೆಳೆಯನಿಗೆ ಕೊಟ್ಟು, ಬೆಳಕು ನೋಡಿ, ಇನ್ನೊಂದು ತೆಗೆ ಎನ್ನುವಷ್ಟು ಕಾಲ. ಎರೆಹುಳ ಸಿಕ್ಕಿಸಿದ ಕೊಕ್ಕೆಯಾದರೆ ಇನ್ನೂ ಕಷ್ಟ: ಮೀನು ಅದನ್ನು ಗಂಟಲಾಚೆ ನುಂಗುತ್ತದೆ, ಕಿತ್ತಾಗ ಕರುಳೇ ಹರಿಯುತ್ತದೆ. ಹೊಳೆಗೆ ಬಿಟ್ಟಾಗ ಈಜಿಕೊಂಡು ಹೋಯಿತಲ್ಲ ಎಂಬ ಸಮಾಧಾನ ಹಿಡಿದವನದು ಮಾತ್ರ.

ಇಷ್ಟೆಲ್ಲ ಯಾಕೆ, ಟ್ರೌಟ್ ನಮ್ಮ ಮೀನೇ ಅಲ್ಲವಲ್ಲ ಎಂಬ ಆಕ್ಷೇಪವಿದೆ. ಅದು ತೂಕದ ಆಕ್ಷೇಪ, ಹಾರಿಕೆಯ ಉತ್ತರ ಕೊಡಬಾರದು. 1900ರಲ್ಲಿ ಸ್ಕಾಟ್ಲೆಂಡ್‌ನಿಂದ ಕಾಶ್ಮೀರಕ್ಕೆ, 1909ರಲ್ಲಿ ಕಾಶ್ಮೀರದಿಂದ ಕುಲ್ಲುವಿಗೆ ಬಂದ ಮೀನು ಇದು, ಬ್ರಿಟಿಷ್ ಅಧಿಕಾರಿಗಳ ಬೇಟೆಯ ಹುಮ್ಮಸ್ಸಿಗಾಗಿ ತಂದದ್ದು. ಈ ಹೊಳೆಗಳ ಮೂಲ ನಿವಾಸಿ ಸ್ನೋ ಟ್ರೌಟ್ ಎಂದು ಕರೆಯಲ್ಪಡುವ, ನಿಜದಲ್ಲಿ ಗೆಂಡೆಮೀನಿನ ಬಳಗಕ್ಕೆ ಸೇರಿದ ಮೀನು. ಬಂಡೆಗಂಟಿದ ಪಾಚಿ ತಿಂದು ಬದುಕುವ ಅದರ ಮರಿಗಳನ್ನು ಬ್ರೌನ್ ಟ್ರೌಟ್ ತಿನ್ನುತ್ತದೆ. ಸ್ನೋ ಟ್ರೌಟ್ ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ಹೊಸ ಹೊಳೆಗಳಿಗೆ ಬ್ರೌನ್ ಟ್ರೌಟ್ ಮರಿ ಬಿಡುವುದನ್ನು ಈ ಬರಹ ಒಪ್ಪುವುದಿಲ್ಲ. ಆದರೆ ತೀರ್ಥನ್‌ನಲ್ಲಿ ನೂರು ವರ್ಷದ ಹಿಂದಿನ ತಪ್ಪನ್ನು ತಿದ್ದಲು ಹೊರಟು ಹೊಳೆಯನ್ನೇ ಕಳೆದುಕೊಳ್ಳುವುದು ಯಾವ ನ್ಯಾಯ? ರಾತ್ರಿ ಹಾಕುವ ಬಲೆ, ತೋಟೆ, ಬ್ಲೀಚಿಂಗ್ ಪುಡಿ ಹೊರಗಿನ ಮೀನು ಒಳಗಿನ ಮೀನು ಎಂದು ನೋಡುವುದಿಲ್ಲ. ಟ್ರೌಟ್ ಇದೆಯೆಂಬ ಕಾರಣಕ್ಕೆ ಕಾವಲಿದೆ, ಆ ಕಾವಲಿನ ನೆರಳಿನಲ್ಲಿ ಸ್ನೋ ಟ್ರೌಟ್ ಉಳಿದಿದೆ. ಅಣೆಕಟ್ಟು ಬಂದ ಕಣಿವೆಯಲ್ಲಿ ಎರಡಕ್ಕೂ ನೀರಿಲ್ಲ.

ನಮ್ಮ ಕಾವೇರಿ ಇಲ್ಲಿ ನೆನಪಾಗಲೇಬೇಕು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಮಹಶೀರ್ ಹುಡುಕಿಕೊಂಡು ದೇಶವಿದೇಶದವರು ಬಂದರು. ಹಿಡಿದು ತೂಗಿ ಬಿಡುವ ನಿಯಮ, ತೋಟೆ ಹಾಕುತ್ತಿದ್ದವರಿಗೇ ಕಾವಲಿನ ಕೆಲಸ, ಎಲ್ಲವೂ ಮಾದರಿಯೆನಿಸುವಂತಿತ್ತು. ಗಾಳಿಬೋರೆಯಲ್ಲಿ 1998ರಿಂದ 2012ರ ತನಕ ಬರೆದಿಟ್ಟ ಮೀನಿನ ಲೆಕ್ಕವನ್ನು ಸಂಶೋಧಕರು ಕುಳಿತು ಓದಿದಾಗ ಬೇರೆಯೇ ಕತೆ ಹೊರಬಿತ್ತು. ಗಾಳಕ್ಕೆ ಸಿಗುವ ಮೀನಿನ ಸಂಖ್ಯೆ ಏರುತ್ತಾ ಬಂದಿತ್ತು, ಎಲ್ಲರೂ ಸಂತೋಷವಾಗಿದ್ದರು. ಏರಿದ್ದು ಲೋನಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ಬಾಲದ ಡುಬ್ಬದ ಮಹಶೀರ್ ಅದೇ ಪುಟಗಳಲ್ಲಿ ಸದ್ದಿಲ್ಲದೆ ಕರಗುತ್ತಾ ಬಂದಿತ್ತು. 2018ರಲ್ಲಿ ಅದಕ್ಕೊಂದು ಖಚಿತ ವೈಜ್ಞಾನಿಕ ಹೆಸರು ಸಿಕ್ಕಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಆ ಶಿಬಿರಗಳಿದ್ದ ಅಭಯಾರಣ್ಯದೊಳಗೆ ಗಾಳ ನಿಂತುಹೋಗಿ, ಗಾಳದ ಹಣದಿಂದ ನಡೆಯುತ್ತಿದ್ದ ಕಾವಲೂ ಸಡಿಲಾಗಿತ್ತು.

ಈ ಅನುಭವ ಕುಲ್ಲುವಿಗೆ ಎರಡು ಪಾಠ ಹೇಳುತ್ತದೆ. ಮೀನು ಸಿಗುತ್ತಿದೆ ಎಂಬುದಷ್ಟೇ ಹೊಳೆ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗದು, ಯಾವ ಮೀನು, ಎಷ್ಟು ಉದ್ದದ್ದು ಎಂಬುದು ಬರವಣಿಗೆಯಲ್ಲಿ ಬೇಕು. ಬರೆದದ್ದನ್ನು ವರ್ಷ ವರ್ಷವೂ ಯಾರಾದರೂ ಓದಬೇಕು. ತೀರ್ಥನ್ ದಂಡೆಯ ಖಾಸಗಿ ತೊಟ್ಟಿಗಳಲ್ಲಿ ರೇನ್‌ಬೋ ಟ್ರೌಟ್ ಸಾಕಣೆ ನಡೆಯುತ್ತದೆ. ನೆರೆ ಬಂದಾಗ ತೊಟ್ಟಿಯ ಮೀನು ಹೊಳೆ ಸೇರುವುದು ಸಹಜ. ಅವು ಗಾಳಕ್ಕೆ ಸಿಕ್ಕಿ ಬುಟ್ಟಿ ತುಂಬುತ್ತಿದ್ದರೆ, ಹೊಳೆಯಲ್ಲೇ ಹುಟ್ಟಿ ಬೆಳೆದ ಬ್ರೌನ್ ಟ್ರೌಟ್ ಕಡಿಮೆಯಾಗುವುದು ಕಾವೇರಿಯಲ್ಲಿ ಆದಂತೆಯೇ ಮರೆಯಾಗಿ ಉಳಿಯುತ್ತದೆ.

ಈಗ ಕೇಳಿಬರುವ, ಮುಂದೆ ಇನ್ನೂ ಜೋರಾಗಿ ಕೇಳಿಬರಬಹುದಾದ ಒಂದು ಪರಿಹಾರದ ಬಗ್ಗೆ ಹೆಚ್ಚು ಹೆದರಿಕೆಯಿದೆ. ನಾಲ್ಕು ಮಡುಗಳ ಮೇಲೆ ಒತ್ತಡ ಬಿದ್ದಿದೆಯೇ? ಹಾಗಾದರೆ ಇನ್ನಷ್ಟು ಮೇಲಕ್ಕೆ ರಸ್ತೆ ಮಾಡೋಣ, ಹೊಸ ಜಾಗ ತೆರೆಯೋಣ, ಜನ ಹಂಚಿಹೋಗುತ್ತಾರೆ. ಕೇಳಲು ನ್ಯಾಯವೆನಿಸುತ್ತದೆ. ಗುಶೈನಿಯಲ್ಲಿ ತೀರ್ಥನ್ ಸೇರುವ ಫಲಾಚನ್ ಹೊಳೆಯನ್ನು ನೋಡಿ. ಬಠಾಡ್ ಕಡೆಯಿಂದ ಇಳಿದುಬರುವ ಈ ಚಿಕ್ಕ ಹೊಳೆಯ ಹೆಸರು ಕೇಳಿದವರು ಕಡಿಮೆ, ಗಾಳ ಹಿಡಿದು ಹೋಗುವವರು ಇನ್ನೂ ಕಡಿಮೆ. ಟ್ರೌಟ್ ಮೊಟ್ಟೆ ಇಡಲು ದೊಡ್ಡ ಹೊಳೆ ಬಿಟ್ಟು ಹತ್ತಿಹೋಗುವುದು ಇಂಥ ಕಿರುಹೊಳೆಗಳಿಗೇ. ಕೆಳಗಿನ ಮಡುಗಳನ್ನು ವರ್ಷ ವರ್ಷ ತುಂಬಿಕೊಡುವ ಉಗ್ರಾಣವೆಂದರೆ ಉದ್ಯಾನದೊಳಗಿನ ಮೇಲ್ಭಾಗ ಮತ್ತು ಇಂಥ ಉಪಹೊಳೆಗಳು. ಅಲ್ಲಿಗೆ ಸುಲಭದ ದಾರಿ ಇಲ್ಲದಿರುವುದೇ ಅವುಗಳ ರಕ್ಷೆ. ಒತ್ತಡ ಹಂಚುವ ಹೆಸರಿನಲ್ಲಿ ಅವನ್ನೂ ತೆರೆದಿಟ್ಟರೆ ಹಂಚಿಕೆಯಾಗುವುದು ಹಾನಿ ಮಾತ್ರ. ನಡೆದು ಹೋಗುವವನಿಗೆ ಹೊಳೆ ಸಿಗಲಿ, ಕಾರು ಅಲ್ಲಿಯ ತನಕ ಹೋಗುವುದು ಬೇಡ.

ದಾರಿಯ ಮಾತಿನಲ್ಲಿ ಮುಖ್ಯವಾಗಿ ಬೇಕಿರುವುದು ಊರವರ ದಾರಿ. ಹಳ್ಳಿಯವರು ದನಕ್ಕೆ ನೀರು ಕುಡಿಸಲು, ಘರಾಟ್ ಎನ್ನುವ ನೀರಿನ ಬೀಸುಗಲ್ಲಿನಲ್ಲಿ ಹಿಟ್ಟು ಮಾಡಿಸಲು, ಹುಡುಗರು ಗಾಳ ಹಾಕಲು ಇಳಿಯುತ್ತಿದ್ದ ಜಾಡುಗಳು ರೆಸಾರ್ಟಿನ ಗೇಟಿನ ಹಿಂದೆ ಸೇರಿಕೊಳ್ಳಬಾರದು. ದಂಡೆ ಕೈತಪ್ಪಿದ ಊರಿಗೆ ಹೊಳೆಯ ಮೇಲಿನ ಮಮತೆಯೂ ಕೈತಪ್ಪುತ್ತದೆ. ರಾತ್ರಿ ಯಾರೋ ತೋಟೆ ಹಾಕಿದ ಸದ್ದು ಕೇಳಿದಾಗ ಎದ್ದು ಓಡಿಬರುವವರು ಊರಿನವರೇ ಹೊರತು ವಾರಾಂತ್ಯದ ಅತಿಥಿಗಳಲ್ಲ. ಜಲವಿದ್ಯುತ್ ಯೋಜನೆಗಳನ್ನು ತಡೆದವರೂ ಅವರೇ.

ಹಿಮಾಚಲದ ಮೀನುಗಾರಿಕೆ ಇಲಾಖೆ ಮುಂದಿನ ಮಾರ್ಚ್‌ಗೆ ಮೊದಲು ಮಾಡಬಹುದಾದ ಕೆಲಸಗಳಿವೆ. ಹೊಳೆಯನ್ನು ತುಂಡುತುಂಡಾಗಿ ಗುರುತಿಸಿ, ಒಂದು ತುಂಡಿಗೆ ದಿನಕ್ಕೆ ಇಷ್ಟೇ ಗಾಳ ಎಂದು ಪರವಾನಗಿಯಲ್ಲೇ ಬರೆಯುವುದು. ಸರದಿಯ ಮೇಲೆ ಕೆಲವು ತುಂಡುಗಳಿಗೆ ವರ್ಷವಿಡೀ ಬಿಡುವು ಕೊಡುವುದು. ಮರುಮುಳ್ಳಿಲ್ಲದ ಒಂಟಿ ಕೊಕ್ಕೆಯನ್ನಷ್ಟೇ ಬಿಡುವುದು, ಎರೆಹುಳ ನಿಲ್ಲಿಸುವುದು. ಅಕ್ಟೋಬರ್‌ನಲ್ಲಿ ಹೆಣ್ಣು ಮೀನಿನ ಹೊಟ್ಟೆ ಮೊಟ್ಟೆಯಿಂದ ಬಿಗಿದಿರುತ್ತದೆ, ಆ ತಿಂಗಳು ಒಂದು ಮೀನೂ ಬುಟ್ಟಿಗೆ ಹೋಗಕೂಡದು. ತಟ್ಟೆಗೆ ಟ್ರೌಟ್ ಬೇಕೆನ್ನುವವರಿಗೆ ಸಾಕಣೆ ತೊಟ್ಟಿಯ ರೇನ್‌ಬೋ ಇದೆ, ಅದನ್ನು ಬೆಳೆಸುವ ರೈತನಿಗೂ ಅದರಿಂದ ನಾಲ್ಕು ಕಾಸು. ಪರವಾನಗಿ ಹಿಂತಿರುಗಿಸುವಾಗ ಹಿಡಿದ ಮೀನಿನ ಜಾತಿ, ಉದ್ದ, ಜಾಗ ಬರೆದುಕೊಡದವನಿಗೆ ಮುಂದಿನ ಪರವಾನಗಿ ಇಲ್ಲ ಎಂಬ ನಿಯಮ ಎಲ್ಲಕ್ಕಿಂತ ಮುಖ್ಯ. ಇವಕ್ಕೆಲ್ಲ ದೊಡ್ಡ ಹಣ ಬೇಡ, ಕೆಲವು ಕಾವಲುಗಾರರು ಬೇಕು. ಅವರು ಅದೇ ಕಣಿವೆಯ ಯುವಕರಾಗಿರಲಿ, ಸಂಬಳ ಪರವಾನಗಿಯ ಹಣದಿಂದಲೇ ಬರಲಿ.

ಈ ವರ್ಷ ಅತ್ತ ಹೊರಡುವ ಕನ್ನಡಿಗರಲ್ಲಿ ಒಂದು ವಿನಂತಿ. ಪರವಾನಗಿ ಇಲ್ಲದೆ ಗಾಳ ಮುಟ್ಟಬೇಡಿ, 'ಇಲ್ಲಿ ಯಾರೂ ಕೇಳುವುದಿಲ್ಲ ಸಾರ್' ಎನ್ನುವ ಹೋಂಸ್ಟೇಯವರ ಮಾತಿಗೆ ಮರುಳಾಗಬೇಡಿ. ಸಿಕ್ಕ ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಫೋಟೊ ಬೇಕೇಬೇಕೆಂದರೆ ಅದು ನೀರಿನಲ್ಲಿರುವಾಗಲೇ ತೆಗೆಯಿರಿ. ಚಳಿಗಾಲದಲ್ಲಿ ಹೋದರೆ ತೆಳುನೀರಿನ ನೊರಜುಗಲ್ಲಿನ ಮೇಲೆ ಕಾಲಿಡಬೇಡಿ. ಚೆಂದದ ಮಡುವೊಂದು ಕಂಡರೆ ಅದರ ನಕಾಶೆಯ ಗುರುತನ್ನು ಊರಿಗೆಲ್ಲ ಹಂಚಬೇಡಿ. ಹಾಗೆಯೇ, ನೀವು ಹಿಡಿದದ್ದು ಯಾವ ಮೀನು, ಎಷ್ಟು ಉದ್ದ ಎಂದು ಇಲಾಖೆಗೆ ಬರೆದುಕೊಟ್ಟು ಬನ್ನಿ, ಅವರು ಕೇಳದಿದ್ದರೂ.